ಸುಪ್ರಾಪ್ಯುಬಿಕ್ ಟ್ಯೂಬ್ ಬದಲಿಸಿದ ಮೇಲೆ ಮೂತ್ರದ ಚೀಲದಲ್ಲಿ ಮಲ

ಪ್ರಶ್ನೆ (ನರ್ಸ್, ಪುಣೆ): ಮೂತ್ರ ಹೊರಬರಲೆಂದು ಕೆಳಹೊಟ್ಟೆಯ ಮೂಲಕ ಮೂತ್ರಕೋಶಕ್ಕೆ 6 ವಾರದ ಹಿಂದೆ ಹಾಕಿದ ಕ್ಯಾಥೆಟರ್ (ಟ್ಯೂಬ್). ಇಂದು ಮೊದಲ ಸಲ ಬದಲಿಸಿದ್ದೇ ಮೂತ್ರ ನಿಂತಿತು, ಹಳದಿ ಮಲದಂಥ ದ್ರವ ಬರುತ್ತಿದೆ. ಇಷ್ಟು ದಿನ ಸರಿಯಿದ್ದದ್ದು ಈಗೇಕೆ?

ಉತ್ತರ (ಯೂರಾಲಜಿ ಅಂದರೆ ಮೂತ್ರಾಂಗ ವಿಭಾಗ, ಮುಂಬೈ): ಸಿಸ್ಟರ್, ಹಳೆಯ ಟ್ಯೂಬ್ ಕರುಳನ್ನು ತೂರಿಕೊಂಡೇ ಮೂತ್ರಕೋಶ ಸೇರಿದ್ದಿರಬೇಕು, ಹೊಸದು ಕರುಳಲ್ಲೇ ನಿಂತಿದೆ. ಕೀಳಬೇಡಿ, ಫ್ಲಶ್ ಮಾಡಬೇಡಿ (ದ್ರವ ಹಾಯಿಸಿ ತೊಳೆಯಬೇಡಿ). ಬಾಯಿಗೆ ಏನೂ ಕೊಡದೆ ಈಗಲೇ ಸರ್ಜನ್ನರನ್ನು ಕರೆಯಿರಿ, ಕಾಂಟ್ರಾಸ್ಟ್ ಸಿಟಿ (ಬಣ್ಣದ ದ್ರವ ಕೊಟ್ಟು ತೆಗೆಯುವ ಸ್ಕ್ಯಾನ್) ಆಗಲಿ. ಹೊಟ್ಟೆ ಗಟ್ಟಿಯಾದರೆ ಒಂದು ನಿಮಿಷವೂ ತಡ ಬೇಡ. ಕೆಳಹೊಟ್ಟೆಯಲ್ಲಿ ಹಳೆಯ ಆಪರೇಷನ್ ಗಾಯವಿದೆಯೇ?

ನರ್ಸ್: ಇದೆ ಸರ್, ಗರ್ಭಕೋಶ ತೆಗೆದದ್ದು. ಸರ್ಜನ್ನರು ಬರುತ್ತಿದ್ದಾರೆ.

ಉತ್ತರ (ಮಡಗಾಂವ್): ಅಂಥವರಲ್ಲಿ ಕರುಳು ಅಂಟಿಕೊಂಡಿರಬಹುದು, ಈ ಟ್ಯೂಬ್ ಹಾಕಲು ಕುರುಡಾಗಿ ಚುಚ್ಚಲೇಬಾರದು, ಓಪನ್ (ಕೊಯ್ದು, ಕಣ್ಣಾರೆ ನೋಡಿ) ಮಾಡುವುದೇ ಲೇಸು. ಉಳಿದವರಲ್ಲೂ ಮೂತ್ರಕೋಶ 300 ಮಿಲಿಯಾದರೂ ತುಂಬಿರಲಿ, ತಲೆ ಕಡೆ ತಗ್ಗಿಸಿ, ಅಲ್ಟ್ರಾಸೌಂಡಿನಲ್ಲಿ ದಾರಿ ನೋಡಿ. ಸೂಜಿಯಲ್ಲಿ ಮೂತ್ರ ಬಾರದೆ ಟ್ರೋಕಾರ್ (ಟ್ಯೂಬಿಗೆ ದಾರಿ ಮಾಡುವ ಚೂಪು ಸಾಧನ) ಮುಟ್ಟಬೇಡಿ.