ಒಬ್ಬರೇ ಪ್ರವಾಸ ಹೋದರೆ ನಿಜವಾಗಿ ದಕ್ಕುವುದೇನು?

ಮೌನರಾಗ (ಪ್ರಶ್ನೆ)

ಮುಂದಿನ ತಿಂಗಳು ಆರು ದಿನಗಳ ಪ್ರವಾಸಕ್ಕೆಂದು ನಾನೂ ನನ್ನ ಗೆಳೆಯನೂ ಟಿಕೆಟ್ ಕಾಯ್ದಿರಿಸಿದ್ದೆವು. ಈಗ ಅವನಿಗೆ ಕಚೇರಿಯಲ್ಲಿ ರಜೆ ಸಿಕ್ಕಿಲ್ಲ. ನನ್ನ ಟಿಕೆಟನ್ನೂ ರದ್ದು ಮಾಡಿಸಲೋ, ಒಬ್ಬನೇ ಹೋಗಿ ಬರಲೋ ಎಂಬ ಇಕ್ಕಟ್ಟಿನಲ್ಲಿದ್ದೇನೆ. ನನಗೆ ಮೂವತ್ತನಾಲ್ಕು ವರ್ಷ. ಕೆಲಸದ ಮೇಲೆ ಹೋದದ್ದನ್ನು ಬಿಟ್ಟರೆ, ಸುತ್ತಾಡಲೆಂದು ಒಬ್ಬನೇ ಎಲ್ಲಿಗೂ ಹೋದವನಲ್ಲ. ಕೇಳಿದವರೆಲ್ಲ ‘ಹೋಗು, ನಿನ್ನನ್ನು ನೀನು ಕಂಡುಕೊಳ್ಳುತ್ತೀಯ’ ಎನ್ನುತ್ತಾರೆ. ಕಂಡುಕೊಳ್ಳಲು ನಾನೇನೂ ಕಳೆದುಹೋಗಿಲ್ಲವಾದ್ದರಿಂದ ಈ ಮಾತು ನನ್ನ ಉಪಯೋಗಕ್ಕೆ ಬರುತ್ತಿಲ್ಲ. ಒಂಟಿಯಾಗಿ ಪ್ರಯಾಣ ಮಾಡಿದವರು ತಮ್ಮಲ್ಲಿ ಆದ ಬದಲಾವಣೆ ಯಾವುದು, ಅದು ಯಾವ ಗಳಿಗೆಯಲ್ಲಿ ಆಯಿತು ಎಂಬುದನ್ನು ಬಿಡಿಸಿ ಹೇಳಬಲ್ಲಿರಾ? ನಾನು ಮೊದಲೇ ಮಾತು ಕಡಿಮೆ ಇರುವವನು. ಆರು ದಿನ ಬಾಯಿ ಬಿಡದೆ ಕಳೆದು ಬಂದೇನೆಂಬ ಅಳುಕೂ ಇದೆ.

ದಾರಿಬದಿ

ಮೌನರಾಗ ಅವರೇ, ನನ್ನ ಮೊದಲ ಒಂಟಿ ಪ್ರವಾಸದ ಮೊದಲ ಸಂಜೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಕೋಣೆಗೆ ಹೋಗಿ ಚೀಲ ಇಳಿಸಿದಾಗ ಇನ್ನೂ ಐದು ಗಂಟೆ. ಬಟ್ಟೆಗಳನ್ನೆಲ್ಲ ತೆಗೆದು ಕಪಾಟಿನಲ್ಲಿ ಜೋಡಿಸಿದೆ. ಎರಡೇ ರಾತ್ರಿಗೆ ಇದೆಲ್ಲ ಏಕೆ ಎನ್ನಿಸಿ ಮತ್ತೆ ಚೀಲಕ್ಕೆ ತುಂಬಿದೆ. ಹೊರಗೆ ಹೋಗೋಣ ಎಂದರೆ ‘ಎಲ್ಲಿಗೆ?’ ಎಂದು ಕೇಳುವವರೂ ಇಲ್ಲ, ‘ಬೇಡ’ ಎನ್ನುವವರೂ ಇಲ್ಲ. ಅರ್ಧ ಗಂಟೆ ಮಂಚದ ತುದಿಯಲ್ಲಿ ಕುಳಿತವನಿಗೆ ಒಂದು ವಿಷಯ ಹೊಳೆಯಿತು: ಇಷ್ಟು ವರ್ಷಗಳ ಪ್ರವಾಸಗಳಲ್ಲಿ ನಾನು ಒಮ್ಮೆಯೂ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸಿರಲಿಲ್ಲ, ಇತರರ ನಿರ್ಧಾರಕ್ಕೆ ತಲೆಯಾಡಿಸಿದ್ದೆ, ಅಷ್ಟೆ.

ಗುಂಪಿನಲ್ಲಿ ಹೀಗಾಗುವುದನ್ನು ಅಮೆರಿಕದ ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕ ಜೆರ್ರಿ ಹಾರ್ವಿ 1974ರಲ್ಲೇ ಒಂದು ಸ್ವಾರಸ್ಯಕರ ಪ್ರಸಂಗದ ಮೂಲಕ ವಿವರಿಸಿದ್ದರು. ಟೆಕ್ಸಾಸ್‌ನ ಸುಡುಬಿಸಿಲಿನ ಒಂದು ಮಧ್ಯಾಹ್ನ, ಮನೆಯಲ್ಲಿ ಆರಾಮವಾಗಿದ್ದ ಒಂದು ಕುಟುಂಬ 53 ಮೈಲಿ ದೂರದ ಅಬಿಲೀನ್ ಎಂಬ ಊರಿಗೆ ಹೋಗಿ ಊಟ ಮಾಡಿ ಬರುತ್ತದೆ. ಧೂಳು ಮೆತ್ತಿಕೊಂಡು ಹಿಂದಿರುಗಿದ ಮೇಲೆ ನೋಡಿದರೆ ನಾಲ್ವರಲ್ಲಿ ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ, ಉಳಿದವರಿಗೆ ಇಷ್ಟವಿರಬಹುದೆಂದು ಪ್ರತಿಯೊಬ್ಬರೂ ಹೂಂ ಎಂದಿದ್ದರು. ಇದಕ್ಕೆ ಅಬಿಲೀನ್ ವಿರೋಧಾಭಾಸ ಎಂಬ ಹೆಸರೇ ಬಿದ್ದಿದೆ. ಒಬ್ಬರೇ ಹೋದಾಗ ಇದಕ್ಕೆ ಎಡೆಯೇ ಇಲ್ಲ. ಎರಡನೆಯ ದಿನ ನಾನು ವಸ್ತುಸಂಗ್ರಹಾಲಯವೊಂದರಲ್ಲಿ ಇಡೀ ಕಟ್ಟಡವನ್ನು ಬಿಟ್ಟು, ಹಳೆಯ ಬೀಗಗಳನ್ನಿಟ್ಟಿದ್ದ ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಒಂದು ಬೀಗದ ಕೀಲಿಕಿಂಡಿ ಹೂವಿನ ಎಸಳಿನ ಹಿಂದೆ ಅಡಗಿತ್ತು. ಎಸಳನ್ನು ಪಕ್ಕಕ್ಕೆ ಸರಿಸಿದರೆ ಮಾತ್ರ ಅದು ಕಾಣುವಂತಿತ್ತು. ಜೊತೆಗೆ ಯಾರಾದರೂ ಇದ್ದಿದ್ದರೆ ಎರಡು ನಿಮಿಷದಲ್ಲಿ ಮುಂದೆ ನಡೆದಿರುತ್ತಿದ್ದೆ, ನನಗೆ ಬೀಗಗಳೆಂದರೆ ಇಷ್ಟೊಂದು ಇಷ್ಟ ಎಂಬುದೂ ತಿಳಿಯುತ್ತಿರಲಿಲ್ಲ. ನಿಮ್ಮ ಗೆಳೆಯರು ಹೇಳುವ ‘ಕಂಡುಕೊಳ್ಳುವುದು’ ಇಷ್ಟು ಸಣ್ಣ ಸಂಗತಿಯೇ ಇರಬೇಕು.

ಹಿಂದಿನ ಸೀಟು

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ನನಗಾದ ಲಾಭ ಬೇರೆ ಬಗೆಯದು. ಜೊತೆಯಲ್ಲಿ ಬಾಳುವವರು ನೆನಪಿನ ಕೆಲಸವನ್ನೂ ತಮಗರಿವಿಲ್ಲದೆ ಹಂಚಿಕೊಂಡಿರುತ್ತಾರೆಂದು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1980ರ ದಶಕದಲ್ಲಿ ಪ್ರತಿಪಾದಿಸಿದರು: ದಾರಿ ಒಬ್ಬರ ತಲೆಯಲ್ಲಿ, ಹಣದ ಲೆಕ್ಕ ಇನ್ನೊಬ್ಬರ ತಲೆಯಲ್ಲಿ. ನಮ್ಮ ಮನೆಯಲ್ಲಿ ದಾರಿ, ವೇಳೆ, ಟಿಕೆಟ್ ಎಲ್ಲವೂ ಅಣ್ಣನ ಪಾಲು. ನನ್ನ ಪಾಲಿಗೆ ಬಂದದ್ದು ಸಾಮಾನು ಹೊರುವುದು. ಮೊದಲ ಸಲ ಒಬ್ಬನೇ ಹೊರಟಾಗ ಇಳಿಯಬೇಕಾದ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟೆ. ರೈಲು ಹೊರಟುಹೋಯಿತು. ಫಲಕ ಓದಿದ ಮೇಲೆ ಹೊಟ್ಟೆಯೊಳಗೆ ತಣ್ಣಗಾದದ್ದು ಇಂದಿಗೂ ನೆನಪಿದೆ. ಅಣ್ಣನಿಗೆ ಫೋನ್ ಮಾಡಲು ಕೈ ಹೋಯಿತು. ಅವನಾದರೂ ಅಷ್ಟು ದೂರದಿಂದ ಏನು ಮಾಡಿಯಾನು ಎಂದುಕೊಂಡು ವೇಳಾಪಟ್ಟಿಯ ಮುಂದೆ ನಿಂತು ಸಾಲುಸಾಲಾಗಿ ಓದಿದೆ. ಮುಂದಿನ ಗಾಡಿಗೆ ಎರಡೂವರೆ ಗಂಟೆ ಇತ್ತು, ಕಾದೆ, ಹೋದೆ. ಧೈರ್ಯ ಬಂತು ಎಂದು ಹೇಳಲಾರೆ. ತಪ್ಪು ಮಾಡಿದರೂ ಅದರಿಂದಾಚೆ ಒಂದು ಗಾಡಿ ಇರುತ್ತದೆಂಬ ಲೆಕ್ಕಾಚಾರ ಬಂತು. ಈಗ ಕಚೇರಿಯಲ್ಲೂ ಏನಾದರೂ ಕೈತಪ್ಪಿದಾಗ ಮೊದಲು ‘ಮುಂದಿನ ಗಾಡಿ’ ಯಾವುದೆಂದು ನೋಡುತ್ತೇನೆ.

ಮಾತಿನ ಬಗೆಗಿನ ನಿಮ್ಮ ಅಳುಕಿಗೆ ಒಂದು ಮಾತು. ವರ್ತನಾ ವಿಜ್ಞಾನಿಗಳಾದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷಿಕಾಗೋದ ರೈಲು ಪ್ರಯಾಣಿಕರಲ್ಲಿ ಕೆಲವರಿಗೆ ಅಪರಿಚಿತರೊಂದಿಗೆ ಮಾತಾಡುವಂತೆಯೂ ಕೆಲವರಿಗೆ ಸುಮ್ಮನೆ ಕೂರುವಂತೆಯೂ ಹೇಳಲಾಗಿತ್ತು. ಮಾತಾಡಿದರೆ ಪ್ರಯಾಣ ಹಾಳಾಗುತ್ತದೆಂದು ಜನ ಊಹಿಸಿದ್ದರು. ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ಜೊತೆಗಾರನಿದ್ದರೆ ನಾವು ಅವನೊಂದಿಗಷ್ಟೇ ಮಾತಾಡುತ್ತೇವೆ, ಒಬ್ಬರೇ ಇದ್ದರೆ ದಾರಿ ಕೇಳುವುದಕ್ಕಾದರೂ ಬಾಯಿ ಬಿಡಲೇಬೇಕು.

ಮುಂಜಾನೆ ಬಸ್ಸು

ಒಂಟಿ ಪ್ರವಾಸವನ್ನು ಔಷಧಿಯಂತೆ ಎಲ್ಲರಿಗೂ ಬರೆದುಕೊಡುವುದಕ್ಕೆ ನನ್ನ ಆಕ್ಷೇಪವಿದೆ. ಕೋಣೆಯ ಬಾಡಿಗೆ ಒಬ್ಬರಿದ್ದರೂ ಹೆಚ್ಚುಕಡಿಮೆ ಅಷ್ಟೇ. ಜ್ವರ ಬಂದರೆ ನೀರು ತಂದುಕೊಡುವವರಿಲ್ಲ. ಸುಖವೂ ಕೊಂಚ ಕಡಿಮೆಯೇ: ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಚಾಕೊಲೇಟನ್ನು ಪಕ್ಕದವರೂ ಅದೇ ಹೊತ್ತಿಗೆ ತಿನ್ನುತ್ತಿದ್ದಾಗ, ಪರಸ್ಪರ ಮಾತಿಲ್ಲದಿದ್ದರೂ, ಜನರಿಗೆ ಅದು ಹೆಚ್ಚು ರುಚಿಸಿತ್ತು. ಬೆಟ್ಟದ ತುದಿಯಲ್ಲಿ ಸೂರ್ಯ ಹುಟ್ಟುವಾಗ ಪಕ್ಕಕ್ಕೆ ತಿರುಗಿ ‘ನೋಡಿದೆಯಾ!’ ಎನ್ನಲು ಯಾರೂ ಇಲ್ಲದ ಕೊರತೆಯನ್ನು ನಾನು ಪ್ರತಿ ಸಲವೂ ಅನುಭವಿಸಿದ್ದೇನೆ. (ಅದೇ ಅಧ್ಯಯನದ ಇನ್ನೊಂದು ಪ್ರಯೋಗದಲ್ಲಿ ಕಹಿ ಚಾಕೊಲೇಟು ಜೊತೆಯಲ್ಲಿ ತಿಂದಾಗ ಇನ್ನಷ್ಟು ಕೆಟ್ಟದೆನಿಸಿತ್ತು, ಗೊಣಗುವ ಜೊತೆಗಾರರಿರುವವರು ಇದನ್ನು ಗಮನಿಸಬಹುದು.)

ಹೆಣ್ಣುಮಕ್ಕಳಿಗೆ ಇನ್ನೊಂದು ಲೆಕ್ಕವೂ ಇದೆ. ಹೊಸ ಊರನ್ನು ಬೆಳಕಿರುವಾಗಲೇ ತಲುಪುವುದು, ಉಳಿಯುವ ಜಾಗವನ್ನು ಅಪರಿಚಿತರಿಗೆ ಹೇಳದಿರುವುದು, ಮನೆಯಲ್ಲೊಬ್ಬರಿಗೆ ದಿನಾಲೂ ಒಂದು ಸಂದೇಶ ಕಳಿಸುವುದು ಇವು ನನಗೆ ಅಭ್ಯಾಸವಾಗಿಬಿಟ್ಟಿವೆ. ಸ್ವಾತಂತ್ರ್ಯ ಎಂದು ಹೊಗಳುವವರು ಈ ಎಚ್ಚರದ ಆಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟಾದರೂ ವರ್ಷಕ್ಕೊಮ್ಮೆ ನಾನು ಒಬ್ಬಳೇ ಹೋಗುತ್ತೇನೆ. ಮನೆಯಲ್ಲಿ ನನ್ನ ಕಿವಿಯ ಅರ್ಧಭಾಗ ಸದಾ ಇನ್ನೊಬ್ಬರ ಕರೆಗೆ ಮೀಸಲು. ಓದುವಾಗಲೂ, ಸ್ನಾನ ಮಾಡುವಾಗಲೂ. ಹೊರಟ ಮೂರನೆಯ ದಿನದ ಹೊತ್ತಿಗೆ ಆ ಅರ್ಧ ಕಿವಿ ನನಗೆ ವಾಪಸು ಸಿಗುತ್ತದೆ. ಕಳೆದ ವರ್ಷ ಒಂದು ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು, ಬೀದಿ ಗುಡಿಸುವ ಪೊರಕೆಯ ಸದ್ದು ದೂರದಿಂದ ಹತ್ತಿರವಾಗಿ ಮತ್ತೆ ದೂರವಾಗುವವರೆಗೆ ಪೂರ್ತಿಯಾಗಿ ಕೇಳಿಸಿಕೊಂಡೆ. ಮೌನರಾಗ ಅವರೇ, ಎರಡೇ ದಿನಕ್ಕೆ ಹೋಗಿ ಬಂದು ಸರಿಹೋಗಲಿಲ್ಲ ಎನ್ನುವವರ ಮಾತು ಕೇಳಬೇಡಿ; ಮೊದಲೆರಡು ದಿನ ಸರಿಹೋಗುವುದೇ ಇಲ್ಲ.

ಮೌನರಾಗ

ಮೂವರಿಗೂ ಕೃತಜ್ಞತೆಗಳು. ಟಿಕೆಟ್ ರದ್ದು ಮಾಡಿಸುತ್ತಿಲ್ಲ. ನಾವಿಬ್ಬರೂ ಸೇರಿ ಬರೆದಿದ್ದ ಕಾರ್ಯಕ್ರಮ ಪಟ್ಟಿಯನ್ನು ನಿನ್ನೆ ರಾತ್ರಿ ತೆಗೆದು ನೋಡಿದೆ. ಹನ್ನೊಂದು ಸ್ಥಳಗಳಲ್ಲಿ ನಾನು ಸೇರಿಸಿದ್ದು ಎರಡು. ಉಳಿದ ಒಂಬತ್ತರಲ್ಲಿ ಆರನ್ನು ಹೊಡೆದುಹಾಕಿದ್ದೇನೆ. ಒಂದು ಸಣ್ಣ ಪ್ರಶ್ನೆ, ನಗಬೇಡಿ: ನಿಲ್ದಾಣದಲ್ಲಿ ಶೌಚಾಲಯಕ್ಕೆ ಹೋಗಬೇಕಾದಾಗ ಸಾಮಾನನ್ನು ಏನು ಮಾಡುತ್ತೀರಿ?

ಹಿಂದಿನ ಸೀಟು

ನಗುವ ವಿಷಯವೇ ಅಲ್ಲ, ನಾನೂ ಅದನ್ನೇ ಕೇಳಿದ್ದೆ. ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಲಾಗುವಷ್ಟೇ ಸಾಮಾನು ಒಯ್ಯಿರಿ. ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ 1889ರ ನವೆಂಬರ್‌ನಲ್ಲಿ ಒಬ್ಬರೇ ಹೊರಟು 72 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದಾಗ ಅವರ ಕೈಯಲ್ಲಿದ್ದದ್ದು ಒಂದೇ ಒಂದು ಚಿಕ್ಕ ಚೀಲ. ನಡುದಾರಿಯಲ್ಲಿ, ಸಿಂಗಪುರದಲ್ಲಿ, ಒಂದು ಕೋತಿಯನ್ನು ಕೊಂಡು ಜೊತೆಗೆ ಸೇರಿಸಿಕೊಂಡರು. ಅದನ್ನು ಮಾತ್ರ ನಾನು ಶಿಫಾರಸು ಮಾಡುವುದಿಲ್ಲ.