ಮದುವೆಗೆ ಕೋರ್ಟ್ ಬೇಡ, ವಿಚ್ಛೇದನಕ್ಕೆ ಮಾತ್ರ ಯಾಕೆ ಬೇಕು?

ಮದ್ದೂರು ಸೀಮೆ:
ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಕಾನೂನು ಅರಿವು ಸಭೆ ನಡೆಸ್ತಾ ಇದ್ದೀವಿ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: "ಹಿರಿಯರು ಕೂತು ಧಾರೆ ಎರೆಸಿದ್ದು ಮದುವೆ ಆಗುತ್ತೆ, ರಿಜಿಸ್ಟರ್ ಮಾಡಿಸದಿದ್ದರೂ ನಡೆಯುತ್ತೆ. ಅದೇ ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಬಿಡುಗಡೆ ಪತ್ರ ಬರೆಸಿದರೆ ಯಾಕೆ ನಡೆಯಲ್ಲ?" ಬರೀ 'ಆಗಲ್ಲ' ಅಂದರೆ ಜನ ಒಪ್ಪೋದಿಲ್ಲ. ಕಾರಣವೂ ಬೇಕು, ಒಪ್ಪಿ ಬೇರೆಯಾಗುವವರಿಗೆ ದಾರಿಯೂ ಬೇಕು. ಹಿಂದೂ ವಿವಾಹ ಕಾಯ್ದೆಗೆ ಸೇರಿದವರ ಮಟ್ಟಿಗೆ ಹೇಳಿದರೆ ಸಾಕು.

ವಕೀಲೆ, ಸರಸ್ವತಿಪುರಂ:
ಅವರ ಪ್ರಶ್ನೆಯ ಮೊದಲರ್ಧ ಸರಿಯಾಗಿದೆ. 1955ರ ಕಾಯ್ದೆಯ 7ನೇ ಕಲಂ ಪ್ರಕಾರ, ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದರೆ ಮದುವೆ ಆಯಿತು. ಸಪ್ತಪದಿ ಇರುವ ಸಂಪ್ರದಾಯವಾದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಸಪ್ತಪದಿ ಇಲ್ಲದ ಮನೆತನದಲ್ಲಿ ತಮ್ಮ ಪದ್ಧತಿಯಂತೆ ಧಾರೆ, ಮಾಂಗಲ್ಯ ನಡೆದರೂ ಸಾಕು. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಆಗಿಹೋದ ಮದುವೆಗೆ ಪುರಾವೆ ಮಾತ್ರ. 2024ರಲ್ಲಿ ಸುಪ್ರೀಂ ಕೋರ್ಟ್ ಇದರ ಇನ್ನೊಂದು ಮುಖವನ್ನೂ ಹೇಳಿತು: ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ಮಾಡಿಸಿಕೊಂಡರೆ ಅದು ಹಿಂದೂ ವಿವಾಹ ಅಲ್ಲ.

ವಿಚ್ಛೇದನಕ್ಕೆ ಅಂಥ ಶಾಸ್ತ್ರವೇ ಇಲ್ಲ. ಕಾಯ್ದೆ ಅದನ್ನು ಕೊಡುವ ಅಧಿಕಾರ ಇಟ್ಟಿರುವುದು ನ್ಯಾಯಾಲಯದ ಡಿಕ್ರಿಗೆ, ಅಂದರೆ ಅಂತಿಮ ಆದೇಶಕ್ಕೆ. ಮದುವೆಯಲ್ಲಿ ಇಬ್ಬರೂ ಒಂದಾಗ್ತಾರೆ, ಹಂಚಿಕೊಳ್ಳೋದು ಏನೂ ಇರೋದಿಲ್ಲ. ಬೇರೆಯಾಗುವಾಗ ಮಗು, ಒಡವೆ, ಜೀವನಾಂಶ ಎಲ್ಲ ತೀರ್ಮಾನ ಆಗಬೇಕು. ಮನೆಯವರೆಲ್ಲ ಒಂದು ಕಡೆ ಕೂತು ಹೆಣ್ಣುಮಗಳೊಬ್ಬಳನ್ನು ಎದುರಿಗೆ ಕೂರಿಸಿ ಸಹಿ ಹಾಕಿಸಿದರೆ ಅದು ಅವಳ ಒಪ್ಪಿಗೆ ಹೇಗಾದೀತು? ಆ ಒಪ್ಪಿಗೆ ನಿಜವೇ ಅಂತ ಸಂಬಂಧವಿಲ್ಲದ ಒಬ್ಬರು ಕೇಳಬೇಕು. ನನ್ನ ಪ್ರಕಾರ ಕೋರ್ಟ್ ಬೇಕಾಗಿರುವುದು ಮುಖ್ಯವಾಗಿ ಇದಕ್ಕೆ.

ಬಾಂಡ್ ಪೇಪರ್ ಬರೆದುಕೊಂಡವರು ಕಾನೂನಿನ ಲೆಕ್ಕದಲ್ಲಿ ಇನ್ನೂ ಗಂಡ ಹೆಂಡತಿಯೇ. ಆಮೇಲೆ ಆಗುವ ಎರಡನೇ ಮದುವೆ 11ನೇ ಕಲಂ ಪ್ರಕಾರ ಅಸಿಂಧು, ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ 7 ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಪೆಟ್ಟು ಬೀಳೋದು ಬಹಳ ವರ್ಷಗಳ ಮೇಲೆ, ಗಂಡ ತೀರಿಕೊಂಡು ಪೌತಿ ಖಾತೆಗೋ ಕುಟುಂಬ ಪಿಂಚಣಿಗೋ ಅರ್ಜಿ ಹಾಕಿದಾಗ. ಜೊತೆಯಲ್ಲಿ ಬಾಳಿದವಳು ಹೆಂಡತಿ ಅಂತ ಹಕ್ಕು ಕೇಳೋಕೆ ಆಗಲ್ಲ, ಬಿಡುಗಡೆ ಪತ್ರ ಬರೆದು ಹೋದವಳೇ ವಾರಸುದಾರಳು. ಎರಡನೆಯವಳ ಮಕ್ಕಳನ್ನು ಮಾತ್ರ 16ನೇ ಕಲಂ ಕಾಪಾಡುತ್ತೆ, ತಂದೆ ತಾಯಿಯ ಆಸ್ತಿಯಲ್ಲಿ ಅವರಿಗೆ ಹಕ್ಕಿದೆ.

ಹಳೆ ಶಿರಸ್ತೇದಾರ್:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 29(2)ನೇ ಕಲಂ ರೂಢಿಗತ ವಿಚ್ಛೇದನವನ್ನು ಉಳಿಸಿದೆ, ಕೆಲವರು ಅದನ್ನೇ ಹಿಡಿದು ವಾದ ಮಾಡ್ತಾರೆ. ಆದರೆ ಆ ಜಾತಿಯಲ್ಲಿ ಅಂಥ ರೂಢಿ ಬಹುಕಾಲದಿಂದ ತಪ್ಪದೆ ನಡೆದುಬಂದಿದೆ ಅಂತ ಸಾಕ್ಷಿ ಸಮೇತ ರುಜುವಾತು ಮಾಡೋ ಹೊಣೆ ಅದನ್ನು ಹೇಳಿದವರದೇ. 'ನಮ್ಮಲ್ಲಿ ಹೀಗೇ' ಅಂದರೆ ಸಾಲದು. ಹಾಗಂತ ಪಂಚಾಯ್ತಿ ಮಾತುಕತೆ ವ್ಯರ್ಥ ಅಂತಲೂ ಅಲ್ಲ. ಅಲ್ಲಿ ಒಪ್ಪಿದ್ದನ್ನೇ ಜಂಟಿ ಅರ್ಜಿಯ ಷರತ್ತು ಮಾಡಿದರೆ ಕೆಲಸ ಸುಲಭ.

ದಾರಿ ಹೀಗೆ. 13ಬಿ ಕಲಂ ಅಡಿ ಇಬ್ಬರೂ ಸೇರಿ ಅರ್ಜಿ. ಅದಕ್ಕೆ ಮೊದಲು ಕನಿಷ್ಠ 1 ವರ್ಷ ಬೇರೆ ಇದ್ದಿರಬೇಕು. ಒಂದೇ ಸೂರಿನ ಕೆಳಗಿದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೆಯೇ. ಮದುವೆ ನಡೆದ ಊರು, ಕೊನೆಗೆ ಒಟ್ಟಿಗಿದ್ದ ಊರು, ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಾಲಯಕ್ಕಾದರೂ ಹೋಗಬಹುದು. ಹೆಂಡತಿ ತಾನೊಬ್ಬಳೇ ಅರ್ಜಿ ಹಾಕುವುದಾದರೆ ತಾನೀಗ ಇರುವ ಊರಲ್ಲೂ ಹಾಕಬಹುದು: ಮೈಸೂರಲ್ಲಿ ಮದುವೆ, ಬೆಂಗಳೂರಲ್ಲಿ ಸಂಸಾರ, ಈಗ ಮಂಡ್ಯದ ತವರಲ್ಲಿದ್ದರೆ ಮಂಡ್ಯ ಆಗುತ್ತೆ. ಮದುವೆ ನೋಂದಣಿ ಇಲ್ಲದಿದ್ದರೆ ಲಗ್ನಪತ್ರಿಕೆ, ಮುಹೂರ್ತದ ಫೋಟೊ, ಛತ್ರದ ರಸೀದಿ, ಇಬ್ಬರ ಆಧಾರ್ ಇಟ್ಟುಕೊಳ್ಳಿ. ಅರ್ಜಿಗೆ ಎಂ.ಸಿ. (ವೈವಾಹಿಕ ಪ್ರಕರಣ) ನಂಬರ್ ಬಿದ್ದ ಮೇಲೆ 6 ತಿಂಗಳ ಕಾಲಾವಕಾಶ, ಆಮೇಲೆ ಇಬ್ಬರೂ ಮತ್ತೆ ಹಾಜರಾಗಿ ಒಪ್ಪಿಗೆ ಹೇಳಬೇಕು. ಅರ್ಜಿ ಹಾಕಿದ ದಿನದಿಂದ 18 ತಿಂಗಳೊಳಗೆ ಇದು ಆಗಬೇಕು. ಬಹಳ ಅರ್ಜಿ ಕೆಡೋದು ಇಲ್ಲೇ: ಮೊದಲ ಸಲ ಬಂದು ಹೋದವರು 'ಆಯ್ತು' ಅಂದುಕೊಂಡು ಎರಡನೇ ಸಲಕ್ಕೆ ಬರೋದೇ ಇಲ್ಲ.

ಆ 6 ತಿಂಗಳನ್ನು ಬಿಡಿಸಿಕೊಳ್ಳೋಕೂ ಆಗುತ್ತೆ, 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ಮೇಲೆ. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಯತ್ನ ಮುಗಿದಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ಪೂರ್ತಿ ಬಗೆಹರಿದಿರಬೇಕು. ಮೊದಲ ಹಾಜರಿಯಾಗಿ ಒಂದು ವಾರದ ಮೇಲೆ ಅದಕ್ಕೆ ಬೇರೆ ಅರ್ಜಿ ಕೊಡಬೇಕು.

ಮದ್ದೂರು ಸೀಮೆ:
ಬಹಳ ಉಪಕಾರ ಆಯ್ತು ಸರ್. ದುಡ್ಡು ಮೊದಲೇ ಕೊಟ್ಟುಬಿಟ್ಟು ಆಮೇಲೆ ಇನ್ನೊಬ್ಬರು ಮಾತು ಬದಲಿಸಿದರೆ? ಇದನ್ನೂ ಕೇಳ್ತಾರೆ.

ವಕೀಲೆ, ಸರಸ್ವತಿಪುರಂ:
ಬದಲಿಸಬಹುದು. ಡಿಕ್ರಿ ಆಗುವವರೆಗೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಅಂತ 1991ರ ಸುರೇಷ್ಟಾ ದೇವಿ ತೀರ್ಪು ಹೇಳಿದೆ. ಅದಕ್ಕೇ ಕಾಯಂ ಜೀವನಾಂಶವನ್ನು ಎರಡು ಕಂತು ಮಾಡಿ, ಕೊನೆಯದನ್ನು ಎರಡನೇ ಹಾಜರಿ ದಿನ ನ್ಯಾಯಾಧೀಶರ ಎದುರು ಡಿ.ಡಿ. ರೂಪದಲ್ಲಿ ಕೊಡಿಸಿ. ನಗದು ಬೇಡವೇ ಬೇಡ. ಒಡವೆಯನ್ನು ಗ್ರಾಂ ಸಮೇತ ಪಟ್ಟಿ ಮಾಡಿ ಷರತ್ತಿನಲ್ಲೇ ಬರೆಯಿರಿ. ಸ್ತ್ರೀಧನ ಹೆಂಡತಿಯ ಸ್ವಂತದ್ದು, ಜೀವನಾಂಶದ ಲೆಕ್ಕಕ್ಕೆ ಅದನ್ನು ಸೇರಿಸಬಾರದು. 'ಮಗುವಿಗೆ ಮುಂದೆ ಏನೂ ಕೇಳಲ್ಲ' ಅಂತ ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗೋದಿಲ್ಲ. ವರದಕ್ಷಿಣೆ ಕಿರುಕುಳದ ಕೇಸ್ ಇದ್ದರೆ ವಿಚ್ಛೇದನದ ಜೊತೆ ತಾನಾಗೇ ಮುಗಿಯಲ್ಲ, ರದ್ದತಿಗೆ ಹೈಕೋರ್ಟಿಗೇ ಹೋಗಬೇಕು.

ಕಾವೇರಿ ತೀರ:
ಒಂದು ವಿಷಯ ಬಿಟ್ಟುಹೋಗಿದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯೂ ವಿಚ್ಛೇದನದ ಹಾಗೇ ನಡೆಯುತ್ತೆ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು, ನೋಟಿಸ್ ಪ್ರಕಟವಾಗಿ 30 ದಿನ ಕಾಯಬೇಕು, ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ನೋಟಿಸ್ ಕೊಟ್ಟು 3 ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟಿಸ್. ನಮ್ಮ ಕಡೆ ಮಂತ್ರಮಾಂಗಲ್ಯ ಆಗುವವರು ಈ ಕಾಯ್ದೆಯಡಿ ಮದುವೆ ಮಾಡಿಸಿಕೊಳ್ಳೋದು ಕ್ಷೇಮ. ತಮಿಳುನಾಡಿನಲ್ಲಿ ಪುರೋಹಿತರಿಲ್ಲದ ಮದುವೆಗೆ ಹಿಂದೂ ವಿವಾಹ ಕಾಯ್ದೆಯಲ್ಲೇ 7ಎ ಅಂತ ಪ್ರತ್ಯೇಕ ಕಲಂ ಇದೆ, ಕರ್ನಾಟಕದಲ್ಲಿ ಇಲ್ಲ. ಒಪ್ಪಿ ಬೇರೆಯಾಗೋದಾದರೆ ವಿಶೇಷ ವಿವಾಹ ಕಾಯ್ದೆಯ 28ನೇ ಕಲಂ, ಅವಧಿಗಳೆಲ್ಲ ಅವೇ.

ಹಳೆ ಶಿರಸ್ತೇದಾರ್:
ಡಿಕ್ರಿ ಸಿಕ್ಕ ಮೇಲೆ ದೃಢೀಕೃತ ನಕಲನ್ನು ಇಬ್ಬರೂ ಬೇರೆ ಬೇರೆ ತೆಗೆದುಕೊಳ್ಳಲಿ. ಜಗಳವಾಡಿ ಪಡೆದ ಡಿಕ್ರಿಯಾದರೆ ಮೇಲ್ಮನವಿಯ 90 ದಿನ ಕಳೆಯುವ ತನಕ ಮರುಮದುವೆಯ ಮಾತು ಬೇಡ. ಸಭೆಗೆ ಬರುವ ಹೆಣ್ಣುಮಕ್ಕಳಿಗೆ ಇದನ್ನಂತೂ ಹೇಳಿ: ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಯರಿಗೆ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100.