ಐದು ಜನ ಸೇರಿ ಕುಂಬಾರಿಕೆ ಸ್ಟುಡಿಯೋ: ಕರೆಂಟು, ಬಾಡಿಗೆ, ಲೆಕ್ಕ ಹೇಗೆ?

ತಿಗರಿ:
ಬೆಂಗಳೂರಲ್ಲಿ ಒಬ್ಬೊಬ್ಬರೇ ಜಾಗ ಹಿಡಿಯೋದು ಆಗದ ಮಾತು. ಐದು ಜನ ಸೇರಿ 600 ಚದರಡಿಯ ನೆಲಮಹಡಿ ಮನೆ ನೋಡಿದ್ದೀವಿ. ಬಾಡಿಗೆ 30 ಸಾವಿರ, ಅಡ್ವಾನ್ಸು ಹತ್ತು ತಿಂಗಳದ್ದು. ಎರಡು ವೀಲ್ (ತಿಗರಿ), ಪಾತ್ರೆ ಸುಡೋಕೆ 9 ಕಿಲೋವ್ಯಾಟಿನ ಕರೆಂಟ್ ಕಿಲ್ನ್ (ಗೂಡು) ಇಡಬೇಕು. ಸಹಿ ಹಾಕೋ ಮುಂಚೆ ಏನು ನೋಡ್ಕೋಬೇಕು?

ಮೂರುಫೇಸ್:
ಮೊದಲು ಮನೆಯ ಕರೆಂಟು ಬಿಲ್ ಕೇಳಿ, ಮಂಜೂರಾದ ಲೋಡ್ ಎಷ್ಟು ಅಂತ ನೋಡಿ. ಸಿಂಗಲ್ ಫೇಸ್, 3 ಕಿಲೋವ್ಯಾಟ್ ಅಂತಿದ್ದರೆ ನಿಮ್ಮ ಕಿಲ್ನ್ ಅಲ್ಲಿ ನಡೆಯಲ್ಲ. 9 ಕಿಲೋವ್ಯಾಟ್ ಸಿಂಗಲ್ ಫೇಸಲ್ಲಿ ಸುಮಾರು 39 ಆಂಪ್ ಎಳೆಯುತ್ತೆ. ಮೂರು ಫೇಸಿಗೆ ಹೊಂದುವ ಕಿಲ್ನ್ ಆದರೆ ಫೇಸಿಗೆ ಸುಮಾರು 13 ಆಂಪ್ ಅಷ್ಟೇ. ಲೋಡ್ ಹೆಚ್ಚಿಸೋ ಅರ್ಜಿ ಮೀಟರ್ ಯಾರ ಹೆಸರಲ್ಲಿದೆಯೋ ಅವರಿಂದಲೇ ಹೋಗಬೇಕು. ಹಾಗಾಗಿ ಮಾಲೀಕರ ಒಪ್ಪಿಗೆ ಬರಹದಲ್ಲಿ ಬಂದ ಮೇಲೇ ಅಡ್ವಾನ್ಸು ಕೊಡಿ. ಕಿಲ್ನಿಗೆ ಬೇರೆಯದೇ ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗೋ ಸ್ವಿಚ್), ಸರಿಯಾದ ಅರ್ಥಿಂಗ್, ಜೊತೆಗೊಂದು ಸಬ್‌ಮೀಟರ್. ಗೋಡೆಯಿಂದ ಒಂದೂವರೆ ಅಡಿ ದೂರ ಇಡಿ.

ಒಂದು ಫೈರಿಂಗಿಗೆ, ಅಂದರೆ ಕಿಲ್ನ್ ಒಂದು ಸಲ ಸುಡೋಕೆ, 45–50 ಯೂನಿಟ್ ಹಿಡಿದುಕೊಳ್ಳಿ. ಗೃಹಜ್ಯೋತಿ ನಂಬ್ಕೊಂಡು ಬಜೆಟ್ ಹಾಕೋಕೆ ಹೋಗ್ಬೇಡಿ!

ಲೆಕ್ಕದಪುಸ್ತಕ:
ಐದು ಜನರ ಲೆಕ್ಕ ಹಾಕಬೇಡಿ, ನಾಲ್ಕು ಜನರದ್ದು ಹಾಕಿ. ಒಬ್ಬರು ಬಿಟ್ಟು ಹೋಗೇ ಹೋಗ್ತಾರೆ. ಬಾಡಿಗೆ, ನೀರು ಎಲ್ಲ ಸೇರಿ ತಿಂಗಳಿಗೆ 36 ಸಾವಿರ ಅಂದರೆ ತಲಾ 7,200 ಅಲ್ಲ, 9,000. ಅದು ಹೊರೆ ಅನಿಸಿದರೆ ಈ ಮನೆ ಬೇಡ.

ಬಾಡಿಗೆ ಸಮಪಾಲು, ಬಂದರೂ ಬರದಿದ್ದರೂ. "ನಾನು ಈ ತಿಂಗಳು ನಾಲ್ಕೇ ದಿನ ಬಂದೆ" ಅನ್ನೋ ಚರ್ಚೆಗೆ ಜಾಗ ಕೊಟ್ಟರೆ ಸ್ಟುಡಿಯೋ ಉಳಿಯಲ್ಲ. ಫೈರಿಂಗ್ ಮಾತ್ರ ಬಳಕೆಯ ಮೇಲೆ: ಸಬ್‌ಮೀಟರ್ ಯೂನಿಟ್ಟಿನ ದುಡ್ಡಿಗೆ ಕಿಲ್ನ್ ಕಾಯಿಸೋ ಕಾಯಿಲ್ ತಂತಿಯ ಸವೆತದ ಪಾಲು ಸೇರಿಸಿ, ಕಿಲ್ನ್ ಒಳಗೆ ಪಾತ್ರೆ ಇಡೋ ಶೆಲ್ಫ್ ಯಾರದ್ದು ಎಷ್ಟು ಅಂತ ಹಂಚಿ. ಕಿಲ್ನ್ ತುಂಬುವ ಮುಂಚೆ ಅವಸರ ಇರೋರು ಪೂರ್ತಿ ಖರ್ಚು ಕೊಡಲಿ.

ಅಡ್ವಾನ್ಸಲ್ಲಿ ತಲಾ 60 ಸಾವಿರ ಅಂತ ಬರೆದಿಡಿ. ಬಿಡೋರು ಎರಡು ತಿಂಗಳು ಮುಂಚೆ ಹೇಳಬೇಕು, ಹೊಸಬರು ದುಡ್ಡು ಹಾಕಿದ ಮೇಲೇ ವಾಪಸ್. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಮಾಲೀಕರು ಒಂದು ತಿಂಗಳ ಬಾಡಿಗೆ ಹಿಡಿಯೋದು ಇಲ್ಲಿ ಮಾಮೂಲು, ಅದೂ ಲೆಕ್ಕದಲ್ಲಿರಲಿ.

ಕೋನ್‌ಸಿಕ್ಸ್:
ದುಡ್ಡಿನ ಜಗಳಕ್ಕಿಂತ ಶೆಲ್ಫ್ ಹಾಳಾದ ಜಗಳ ದೊಡ್ಡದು. ಟೆರಾಕೋಟ ಮಣ್ಣಿನ ಒಂದು ಬಟ್ಟಲು ಗೊತ್ತಿಲ್ಲದೆ, ಹೆಚ್ಚು ಶಾಖ ತಡೆಯೋ ಮಣ್ಣಿಗೆ ಮಾಡೋ 1,220 ಡಿಗ್ರಿಯ ಸ್ಟೋನ್‌ವೇರ್ ಫೈರಿಂಗಿಗೆ ಹೋದರೆ ಕರಗಿ ಶೆಲ್ಫಿಗೆ ಅಂಟುತ್ತೆ, ಅಕ್ಕಪಕ್ಕದವರ ಕೆಲಸವೂ ಹೋಯಿತು. ಎಲ್ಲರಿಗೂ ಒಂದೇ ಮಣ್ಣು ತರಿಸಿ, ಹೊರಗಿನ ಮಣ್ಣು ಬೇಡ. ಪಾತ್ರೆ ಅಂಟದ ಹಾಗೆ ಶೆಲ್ಫಿಗೆ ಅಲ್ಯೂಮಿನಾ ಹೈಡ್ರೇಟ್ ಪುಡಿ, ಚೈನಾ ಕ್ಲೇ ಸಮಸಮ ಬೆರೆಸಿ, ನೀರುದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಳಿಯಿರಿ. ಪಾತ್ರೆಯ ಬುಡದಿಂದ 5 ಮಿಲಿಮೀಟರ್ ಮೇಲಿನವರೆಗೆ ಗ್ಲೇಝ್ (ಸುಟ್ಟಾಗ ಗಾಜಿನಂತಾಗೋ ಲೇಪ) ಇರಕೂಡದು.

ಸಿಂಕಿಗೆ ಮಣ್ಣುನೀರು ಬಿಡಬೇಡಿ. ಮೂರು ಬಕೆಟ್ ಸಾಲಾಗಿಟ್ಟು ತೊಳೆದು, ರಾತ್ರಿಯಿಡೀ ತಿಳಿಯಾಗಲು ಬಿಟ್ಟು ಮೇಲಿನ ನೀರು ಮಾತ್ರ ಚೆಲ್ಲಿ. ಕಸಪೊರಕೆಯೂ ಬೇಡ, ಒದ್ದೆ ಬಟ್ಟೆಯಲ್ಲೇ ಒರೆಸಿ. ಆ ಧೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು.

ತಿಗರಿ:
ಮಾಲೀಕರು ಲೋಡಿಗೆ ಒಪ್ಪದಿದ್ದರೆ?

ಮೂರುಫೇಸ್:
ಎರಡೂವರೆ ಕಿಲೋವ್ಯಾಟಿನ ಚಿಕ್ಕ ಕಿಲ್ನ್ ಇಟ್ಟು ಬಿಸ್ಕ್ (ಗ್ಲೇಝ್ ಹಚ್ಚೋ ಮುಂಚಿನ ಮೊದಲ ಸುಡುವಿಕೆ) ಮಾತ್ರ ಅಲ್ಲಿ ಮಾಡಿ, 1,000 ಡಿಗ್ರಿ ಸಾಕು. ಗ್ಲೇಝ್ ಫೈರಿಂಗನ್ನು ಬಾಡಿಗೆಗೆ ಸುಟ್ಟುಕೊಡೋ ಸ್ಟುಡಿಯೋದಲ್ಲಿ ಮಾಡಿಸಿ. ಹಸಿ ಪಾತ್ರೆ ಆಟೋದಲ್ಲಿ ಒಯ್ದರೆ ಬಿರುಕು ಗ್ಯಾರಂಟಿ, ಬಿಸ್ಕ್ ಆದದ್ದು ತಡೆಯುತ್ತೆ. ಕಿಲ್ನ್ ಹಾಕಿದಾಗ ಗೀಸರ್ ಮಾತ್ರ ಆನ್ ಮಾಡಬೇಡಿ.